ಗಲ್ಫಿಗೆ ಹೋದ ರುಬ್ಬುಗುಂಡು

ಆರ್.ಎಸ್. ಪುರಂ

ನಾನು ಪರದೇಶಕ್ಕೆ ಹೋಗಿಬಂದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಮಡಿಲಲ್ಲಿ ಒಂದು ಕಲ್ಲನ್ನು ಇಟ್ಟುಕೊಂಡು. ಲಂಡನ್ ನೋಡಬೇಕು, ಮಂಜು ಮುಸುಕಿದ ಸೇತುವೆಯ ಮೇಲೆ ಕೊಡೆ ಹಿಡಿದು ನಿಲ್ಲಬೇಕು ಎಂದು ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟವಳು ನಾನು. ಮೈಸೂರಿನ ಬೋರ್ಡಿಂಗ್ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಅಗಾಥಾ ಜಾಗ್ರಫಿ ಪಾಠದ ಜೊತೆಗೇ ಆ ಆಸೆಯನ್ನೂ ಬಿತ್ತಿದ್ದರು. ಕೊನೆಗೆ ದೇವರು ಕೊಟ್ಟದ್ದು ಮಂಜಲ್ಲ, ಮರಳು. ಇರಲಿ. ಅಬ್ರಾಡ್ ಅಂದರೆ ಅಬ್ರಾಡೇ.

ಊರಿನ ಹೆಸರು ಬರೆಯುವುದಿಲ್ಲ. ಗಲ್ಫಿನ ದಡದಲ್ಲಿರುವ ಒಂದು ಪುಟ್ಟ ರಾಜಧಾನಿ ಅಂದುಕೊಳ್ಳಿ. ನನ್ನ ಅಣ್ಣನ ಮಗಳು ಶಾರದಾ ಇನ್ನೂ ಅಲ್ಲೇ ಇದ್ದಾಳೆ. "ಅತ್ತೆ, ಏನ್ ಬೇಕಾದ್ರೂ ಬರ್ಕೊಳ್ಳಿ, ಊರ್ ಹೆಸ್ರು ಮಾತ್ರ ಹಾಕ್ಬೇಡಿ, ನಿಮ್ ಕಾಲಿಗೆ ಬೀಳ್ತೀನಿ" ಎಂದಿದ್ದಾಳೆ.

ತಾಯಿಯಿಲ್ಲದ ಶಾರದಾ ಬೆಳೆದದ್ದು ಕೊಯಮತ್ತೂರಿನ ಆರ್.ಎಸ್. ಪುರಂನ ನನ್ನ ಮನೆಯಲ್ಲಿ. ಅವಳನ್ನು ಕೊಟ್ಟದ್ದು ಕಾರಮಡೈ ಕಡೆಯ ರಂಗಸಾಮಿಗೆ. ಬಾಳೆ ಬೆಳೆಯುವ ಮನೆಯ ಹುಡುಗ, ಮಣ್ಣು ಬಿಟ್ಟು ಒಲೆ ಹಿಡಿದವನು. ಮದುವೆಯಾದ ಸ್ವಲ್ಪ ದಿನಕ್ಕೇ ಗಲ್ಫಿಗೆ ಹಾರಿ, ಅಲ್ಲಿನ ಸರ್ಕಾರಿ ಗೆಸ್ಟ್ ಹೌಸಿನ ಅಡುಗೆಮನೆ ಸೇರಿದ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ನಡುವೆ ಅರಬ್ಬಿ ಸಮುದ್ರ. ಹೀಗೇ ವರ್ಷಗಳು ಉರುಳಿದವು. ಹೋದ ವರ್ಷ ಹೇಗೋ ವಿಸಿಟ್ ವೀಸಾ ಸಿಕ್ಕಿ ಶಾರದಾ ಹೊರಟಳು. ಅವನ ಕೆಲಸ ಪರ್ಮನೆಂಟ್ ಆದರೆ ಫ್ಯಾಮಿಲಿ ವೀಸಾ, ಇಬ್ಬರೂ ಒಟ್ಟಿಗೆ ಬಾಳಬಹುದು. ಆಗದಿದ್ದರೆ ಅವಳು ಮತ್ತೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಪೋಸ್ಟ್‌ಮ್ಯಾನ್ ದಾರಿ ಕಾಯಬೇಕು. ಆ ಮೆಟ್ಟಿಲ ಮೇಲೆ ಅವಳನ್ನು ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ.

ವೀಸಾ ಮುಗಿಯುವುದರೊಳಗೆ ನೀವೂ ಬಂದುಹೋಗಿ ಎಂದು ನನಗೂ ಟಿಕೆಟ್ ಮಾಡಿಸಿದ್ದರು. ಹೊರಡಲು ವಾರವಿದೆ ಎನ್ನುವಾಗ ಟ್ರಂಕ್ ಕಾಲ್ ಬಂತು.

"ಅತ್ತೇ! ಕೇಳ್ಸ್ತದಾ? ಗುಂಡು ಒಡ್ದೋಯ್ತು ಅತ್ತೇ!"

ಕನ್ನಡದವರಿಗೆ ರುಬ್ಬುಗುಂಡು ಏನೆಂದು ಹೇಳಬೇಕಾಗಿಲ್ಲ. ನಮ್ಮೂರಿನ ಗ್ರೈಂಡರಿನಲ್ಲಿ ಕಲ್ಲಿನ ಪಾತ್ರೆ ತಿರುಗುತ್ತದೆ, ಗುಂಡು ಒಳಗೆ ನಿಂತು ಅರೆಯುತ್ತದೆ. ತಮಿಳರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ. ಅವರಿಗೂ ಮಲಯಾಳಿಗಳಿಗೂ ಗುಂಡು ಎಂದರೆ ಬಾಂಬು. ಇಷ್ಟು ವರ್ಷ ಕೊಯಮತ್ತೂರಿನಲ್ಲಿ ಕಳೆದವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ನಾವು ಚಪ್ಪಲಿಯ ಹಾಗೆ ತಮಿಳನ್ನೂ ಬಾಗಿಲ ಹೊರಗೆ ಬಿಟ್ಟು ಮನೆಯೊಳಗೆ ಬರುವವರು. ಮನೆಯೊಳಗೆ ಗುಂಡು ಗುಂಡೇ.

ಶಾರದಾ ಕೂಗಿ ಕೂಗಿ ಹೇಳಿದ್ದು ಇಷ್ಟು. ಭಯೋತ್ಪಾದನೆಯನ್ನು ತಡೆಯಲು ನೆರೆಹೊರೆಯ ದೇಶಗಳು ಹೇಗೆ ಕೈಜೋಡಿಸಬೇಕು ಎಂದು ಮಾತಾಡಲು ದೊಡ್ಡ ಅಧಿಕಾರಿಗಳು ಅವರ ಗೆಸ್ಟ್ ಹೌಸಿಗೆ ಬರುತ್ತಾರೆ. ಆಚೆ ದಡದಲ್ಲಿ ಇರಾನು ಇರಾಕು ಹೊಡೆದಾಡುತ್ತಿದ್ದವು, ಈಚೆ ದಡದವರಿಗೆ ನಿದ್ದೆಯಿಲ್ಲ. ಬರುವವರಲ್ಲಿ ನೆರೆದೇಶದ ಒಬ್ಬ ಹಿರಿಯ ಸಾಹೇಬರು ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿದ್ದವರು, ಬೆಳಗಿನ ತಿಂಡಿಗೆ ದೋಸೆ ಸಿಗುತ್ತದೆಯೇ ಎಂದು ಹೇಳಿಕಳಿಸಿದ್ದರು.

"ಇವ್ರು ‘ನಮ್ಮೂರ ದೋಸೆ ನಾ ತಿನ್ನಿಸ್ತೀನಿ’ ಅಂತ ಮೀಸೆ ತಿರುವಿ ಬಂದವ್ರೆ. ಅದು ಸರಿಯಾದ್ರೆ ಪರ್ಮನೆಂಟ್ ಮಾಡ್ತೀವಿ ಅಂದವ್ರೆ ಅತ್ತೆ. ಈಗ ನೋಡಿದ್ರೆ ತೊಳೆಯೋವಾಗ ಕೈಜಾರಿ ಗುಂಡು ಎರಡು ಹೋಳು! ಮ್ಯಾನೇಜರ್‌ಗೆ ತಿಳಿದ್ರೆ ಪರ್ಮನೆಂಟು ಇಲ್ಲ, ಟೆಂಪರರಿನೂ ಇಲ್ಲ!"

"ಕವಲೆ ಬೇಡ ಕಣ್ಣು, ಚಿಂತೆ ಬಿಡು!" ನಾನೂ ಬೀದಿ ಕೊನೆಗೆ ಕೇಳುವಂತೆ ಕೂಗಿದೆ. "ಗುಂಡು ನಾನೇ ತರ್ತೀನಿ! ಮೀಟಿಂಗ್‌ಗೆ ಮುಂಚೆ ಗೆಸ್ಟ್ ಹೌಸ್‌ನಲ್ಲಿ ಗುಂಡು ಇಡ್ತೀವಿ! ನೀವಿಬ್ರೂ ಯಾರ ಹತ್ರಾನೂ ಉಸಿರೆತ್ಬೇಡಿ!"

ಲೈನು ಸರಿಯಿರಲಿಲ್ಲವಾದ್ದರಿಂದ ಇದನ್ನೇ ಮತ್ತೆ ಮತ್ತೆ, ಬಿಡಿಸಿ ಬಿಡಿಸಿ ಹೇಳಿದೆ. ನಡುವೆ ಆ ಕಡೆಯ ಎಕ್ಸ್‌ಚೇಂಜಿನವನು ಒಂದು ಸಲ ಕೆಮ್ಮಿದ. ಪಾಪ, ಮರುಭೂಮಿಯ ಧೂಳು ಅಂದುಕೊಂಡೆ.

ಎರಡೇ ದಿನದಲ್ಲಿ ರಂಗಸಾಮಿಯ ತಂದೆ ಹೊಸ ಗುಂಡನ್ನು ಹೆಗಲ ಮೇಲೆ ಹೊತ್ತುಕೊಂಡು ಕಾರಮಡೈ ಬಸ್ಸಿನಿಂದ ಇಳಿದರು. "ಸಂಬಂಧಿಯಮ್ಮಾ, ಪತ್ರಮಾ, ಜೋಪಾನವಾಗಿ ತಕ್ಕೊಂಡೋಗಿ. ಆ ಸಾಹೇಬ ಒಂದ್ ದೋಸೆ ತಿನ್ಲಿ, ಎಣ್ಣೆ ಬಾವಿ ಬಿಟ್ಬುಟ್ಟು ನಮ್ಮೂರಿಗೇ ಬರ್ತಾನೆ" ಎಂದು ಕಾಫಿ ಕುಡಿದು ಹೊರಟರು. ಗುಂಡು ವರ್ಷ ತುಂಬಿದ ಮಗುವಿನಷ್ಟು ತೂಕ. ಅಳುವುದಿಲ್ಲ ಎನ್ನುವುದೊಂದೇ ಸಮಾಧಾನ.

ತಿರುವನಂತಪುರ

ಲಗೇಜಿನಲ್ಲಿ ಹಾಕಿದರೆ ಒಡೆದೀತೆಂದು ಗುಂಡನ್ನು ನನ್ನ ಹಳೆಯ ಅರಿಶಿನ ಬಣ್ಣದ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ರೆಕ್ಸಿನ್ ಚೀಲದಲ್ಲಿಟ್ಟು ಎದೆಗವಚಿಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದರು. ತಪಾಸಣೆಯ ಅಧಿಕಾರಿ ರೇಷ್ಮೆಯನ್ನು ಸರಿಸಿದ. ಕಪ್ಪಗೆ, ನುಣ್ಣಗೆ, ತುದಿ ದುಂಡಗಿರುವ ಕಲ್ಲು ಕಂಡಿತು. ಆತ ಥಟ್ಟನೆ ಕೈ ಹಿಂದೆಗೆದು, ಬೂಟು ಕಳಚಿ, ಕೈಮುಗಿದ.

ಏನು ಹೇಳಲಿ? ಸುಳ್ಳು ಹೇಳಬಾರದು. ಸಿಸ್ಟರ್ ಅಗಾಥಾ ಸುಳ್ಳಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು, ಮೌನಕ್ಕೆ ಮಾತ್ರ ಹೋಲಿ ಪಿಕ್ಚರ್ ಕೊಡುತ್ತಿದ್ದರು. ನಾನು ಮೌನವಾಗಿ ಕಣ್ಣು ಮುಚ್ಚಿದೆ. ಹಿಂದೆ ಸಾಲಿನಲ್ಲಿದ್ದವರೂ ಕೈಮುಗಿದರು. ಒಬ್ಬಾಕೆ ತಲೆಯಿಂದ ಮಲ್ಲಿಗೆ ತೆಗೆದು ಚೀಲದೊಳಗೆ ಹಾಕಿದಳು. ವಿಮಾನದಲ್ಲಿ ಪಕ್ಕದ ಸೀಟಿನ ಮೇಸ್ತ್ರಿ ದಾರಿಯುದ್ದಕ್ಕೂ ಕಾಲು ಮಡಚಿಕೊಂಡೇ ಕೂತಿದ್ದ. ದೇವರ ಕಡೆ ಕಾಲು ಚಾಚಬಾರದಲ್ಲ! ಇಳಿಯುವ ಮುಂಚೆ ಮೆಲ್ಲಗೆ, "ಅಮ್ಮಾ, ಯಾವ ಕ್ಷೇತ್ರದ್ದು?" ಎಂದ.

"ಕಾರಮಡೈ," ಎಂದೆ. ಅದಂತೂ ಸತ್ಯವೇ.

ಇಳಿದ ಊರು

ವಿಮಾನದ ಬಾಗಿಲು ತೆರೆದಾಗ ಬಡಿದ ಬಿಸಿಯನ್ನು ಹೇಗೆ ಹೇಳಲಿ? ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮೂರ ಹತ್ತಿರದ ಕರುಮತ್ತಂಪಟ್ಟಿಯ ಪವರ್‌ಲೂಮ್ ಶೆಡ್ಡಿನೊಳಗೆ ನಿಂತ ಹಾಗೆ. ಮಗ್ಗದ ಸದ್ದು ಮಾತ್ರ ಇಲ್ಲ.

ಏಣಿಯ ಕೆಳಗೆ ಸಾಲಾಗಿ ಪೊಲೀಸರು. ಒಬ್ಬನ ಕೈಯಲ್ಲಿ ನನ್ನದೇ ಹೆಸರಿನ ರಟ್ಟು: ಮಿಸೆಸ್ ಲಲಿತಾ, ಕೋಯಂಬತ್ತೂರ್. ನಾನು ಸೆರಗು ಸರಿಮಾಡಿಕೊಂಡೆ. ನಮ್ಮ ರಂಗಸಾಮಿಗೆ ಇಷ್ಟು ಇನ್‌ಫ್ಲುಯೆನ್ಸ್ ಇದೆಯೇ? ಈ ಹುಡುಗನಿಗೆ ಹೆಣ್ಣು ಕೊಡುವಾಗ ನಮ್ಮಣ್ಣ ಎಷ್ಟು ಹಿಂದೆ ಮುಂದೆ ನೋಡಿದ್ದ!

ಗುಂಪಿನಿಂದ ಒಬ್ಬ ಮಲಯಾಳಿ ಮುಂದೆ ಬಂದ. ಪೊಲೀಸರ ದುಭಾಷಿ. ಹೆಸರು ಹಂಸ. ನೋಡಲು ಹಂಸದಂತಿರಲಿಲ್ಲ, ಹೆಚ್ಚೆಂದರೆ ಬೆದರಿದ ನೀರುಕೋಳಿ. ಅವನು ಆಡಿದ ತಮಿಳು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಅಮ್ಮಾ, ಗುಂಡು ಎಲ್ಲಿದೆ?"

ಆಹಾ, ಗುಂಡಿನ ವಿಷಯವೂ ಇವರಿಗೆ ಗೊತ್ತು! "ಇಲ್ಲೇ, ನನ್ನ ಮಡಿಲಲ್ಲೇ. ನೀವ್ಯಾರೂ ಮುಟ್ಟೋದು ಬೇಡಪ್ಪ. ಕೈಜಾರಿ ಕೆಳಗೆ ಬಿತ್ತೋ, ಎಲ್ಲ ಮುಗೀತು!"

ಹಂಸ ಅದನ್ನು ಅರಬ್ಬಿಯಲ್ಲಿ ಹೇಳಿದ. ಸಾಲಾಗಿ ನಿಂತಿದ್ದವರೆಲ್ಲ ಹಿಂದೆ ಸರಿದರು. ದೊಡ್ಡವರಿಗೆ ದಾರಿ ಬಿಡುವ ಮ್ಯಾನರ್ಸ್ ಇದು, ನಮ್ಮೂರಿನಲ್ಲಿ ಯಾರಿಗಿದೆ ಅಂದುಕೊಂಡೆ. ಉದ್ದನೆಯ ಕಾರಿನಲ್ಲಿ ನನ್ನನ್ನು ಕೂರಿಸಿದರು. ಡ್ರೈವರನ ಹೊರತು ಇನ್ನಾರೂ ಹತ್ತಲಿಲ್ಲ. ಹಿಂದೆ, ತುಂಬ ಹಿಂದೆ, ಇನ್ನೆರಡು ಕಾರು. ನುಣ್ಣನೆಯ ರಸ್ತೆಯಲ್ಲಿ ನಮ್ಮ ಕಾರು ಎತ್ತಿನಗಾಡಿಗಿಂತ ನಿಧಾನವಾಗಿ ಹೋಯಿತು. ಡ್ರೈವರ್ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದ. ಎಷ್ಟು ಭಕ್ತಿವಂತ! ನಾನು ಕಿಟಕಿಯಿಂದ ದಾರಿಹೋಕರಿಗೆ ಕೈಬೀಸಿದೆ. ಇಡೀ ಕೈಯಲ್ಲ, ಮಣಿಕಟ್ಟು ಮಾತ್ರ, ಇಂಗ್ಲೆಂಡಿನ ರಾಣಿಯ ಹಾಗೆ. ಅದೂ ಕಾನ್ವೆಂಟಿನಲ್ಲೇ ಕಲಿತದ್ದು. ಇಷ್ಟು ವರ್ಷ ಉಪಯೋಗಿಸಲು ಚಾನ್ಸ್ ಸಿಕ್ಕಿರಲಿಲ್ಲ.

ಕಾಫಿ ಕೊಟ್ಟ ಕೋಣೆ

ಕಾರು ನಿಂತದ್ದು ಗೆಸ್ಟ್ ಹೌಸಿನಲ್ಲಲ್ಲ, ಕಿಟಕಿಯಿಲ್ಲದ ಒಂದು ಕೋಣೆಯ ಮುಂದೆ. ಒಳಗೆ ಮೂವರು ಅಧಿಕಾರಿಗಳು. ಒಬ್ಬ ಆ ಊರಿನವನೇ, ಇಂಗ್ಲೆಂಡಿನಲ್ಲಿ ತರಬೇತಾದ ಕ್ಯಾಪ್ಟನ್, ಪರಮ ವಿನಯಶೀಲ. ಇನ್ನಿಬ್ಬರು ಸಭೆಗೆ ಬಂದಿದ್ದ ನೆರೆದೇಶಗಳವರು, ಒಬ್ಬ ಸಣಕಲ, ಒಬ್ಬ ದಪ್ಪನೆಯವನು. ಕೂಡಿ ಕೆಲಸ ಮಾಡುವ ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಅಷ್ಟರಲ್ಲಿ ಕೂಡಿ ಮಾಡಲು ಒಂದು ಕೆಲಸ ಸಿಕ್ಕಿತ್ತು: ನಾನು.

ನನ್ನಿಂದಲೇ ಚೀಲವನ್ನು ಮೂಲೆಯ ಮೇಜಿನ ಮೇಲೆ ಇಡಿಸಿದರು. ತೆರೆಯುವವರು ಯಾರು ಎಂದು ಚರ್ಚೆ ಶುರುವಾಯಿತು. ಅತಿಥಿಗಳು ಮೊದಲು ತೆರೆಯಲಿ ಎಂದ ಕ್ಯಾಪ್ಟನ್. ಆತಿಥೇಯರ ನೆಲ, ಅವರದೇ ಹಕ್ಕು ಎಂದ ಸಣಕಲ. ದಪ್ಪನೆಯವನು ಇಬ್ಬರಿಗೂ ಗೌರವ ಸಲ್ಲಿಸಿ ಬಾಗಿಲ ಹತ್ತಿರ ಹೋಗಿ ನಿಂತ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕು ಎಂದು ಸಂಬಂಧಿಗಳು ಉಪಚಾರ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಇಷ್ಟು ಸುಂದರವಾದ ಉಪಚಾರ ನೋಡಿರಲಿಲ್ಲ.

ಅಷ್ಟರಲ್ಲಿ ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿ ವಾಸನೆ, ಹಾಲಿಲ್ಲ. ಕುಡಿದೆ. ಮತ್ತೆ ಸುರಿದ. ಬಿಡುವುದು ಅಮರ್ಯಾದೆ ಎಂದು ಕುಡಿದೆ. ಮತ್ತೆ ಸುರಿದ. ನನಗೆ ಎದೆ ಡವಗುಟ್ಟತೊಡಗಿತು. "ಅಮ್ಮಾ, ಸಾಕಾದರೆ ಬಟ್ಟಲು ಅಲ್ಲಾಡಿಸಬೇಕು" ಎಂದು ಹಂಸ ಕಿವಿಯಲ್ಲಿ ಹೇಳುವವರೆಗೂ ಕುಡಿದೆ. ನಾವು ಎಲೆ ಮಡಚುವ ಹಾಗೆ ಅವರು ಬಟ್ಟಲು ಅಲ್ಲಾಡಿಸುತ್ತಾರೆ. ಮೊದಲೇ ಹೇಳಬಾರದೇ?

"ಮೇಡಂ," ಎಂದ ಕ್ಯಾಪ್ಟನ್ ಇಂಗ್ಲಿಷಿನಲ್ಲಿ, "ಆ ಚೀಲದಲ್ಲಿ ಏನಿದೆ?"

"ಓ, ಜಸ್ಟ್ ಎ ಪೆಸ್ಟಲ್," ಎಂದೆ ನಗುತ್ತಾ. ರುಬ್ಬುಗುಂಡಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು.

"ಪಿಸ್ಟಲ್?"

"ನೋ, ಡಿಯರ್ ಬಾಯ್." ನನಗೆ ನಾಚಿಕೆಯಾಯಿತು. ಉಚ್ಚಾರ ತಪ್ಪಿದ್ದು ನಾನೇ. ಸಿಸ್ಟರ್ ಅಗಾಥಾ ಕೇಳಿಸಿಕೊಂಡಿದ್ದರೆ? "ಟಿ ಈಸ್ ಸೈಲೆಂಟ್."

"ಪಿಸ್ಟಲ್. ಸೈಲೆಂಟ್," ಎಂದು ಕ್ಯಾಪ್ಟನ್ ಬರೆದುಕೊಂಡ. ಸಣಕಲನಿಗೆ ಅದನ್ನು ಅರಬ್ಬಿಯಲ್ಲಿ ಹೇಳಿದ. ಸಣಕಲ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ.

ಆಗ ನನಗೆ ಮೊದಲ ಬಾರಿಗೆ, ಇದು ಸನ್ಮಾನವಲ್ಲವೇನೋ ಎಂಬ ಅನುಮಾನ ಬಂತು.

ಇಂಗ್ಲಿಷ್ ಸಾಕು, ಮಾತೃಭಾಷೆಯಲ್ಲಿ ಕೇಳಬೇಕು, ಅದೇ ಪ್ರೊಸೀಜರ್ ಎಂದರು. ನನ್ನ ಮಾತೃಭಾಷೆ ಕನ್ನಡ ಎಂದೆ. ಅವರ ಕಡತದಲ್ಲಿ ಕೋಯಂಬತ್ತೂರಿಗೆ ತಮಿಳು ಎಂದಿತ್ತು. ಅಧಿಕಾರಿಗಳಿಗಿಂತ ಕಡತ ದೊಡ್ಡದು, ಅದು ಎಲ್ಲ ದೇಶಗಳಲ್ಲೂ ಒಂದೇ. ನನ್ನ ಮಾತೃಭಾಷೆ ತಮಿಳು ಎಂದು ತೀರ್ಮಾನವಾಗಿ ಹಂಸನನ್ನು ಎದುರಿಗೆ ಕೂರಿಸಿದರು.

"ಗುಂಡು ಯಾಕೆ ತಂದಿರಿ ಅಮ್ಮಾ?"

ಆಗ ಹೊಳೆಯಿತು, ಗುಂಡು ಎಂದರೆ ಇವನಿಗೇನು ಎಂದು. ಟ್ರಂಕ್ ಕಾಲಿನ ನಡುವೆ ಎಕ್ಸ್‌ಚೇಂಜಿನವನು ಕೆಮ್ಮಿದ್ದು ಯಾಕೆ ಎಂದೂ ಹೊಳೆಯಿತು. "ಅಯ್ಯೋ, ಆ ಗುಂಡಲ್ಲಪ್ಪ!"

"ಹಾಗಾದರೆ ತಮಿಳಿನಲ್ಲಿ ಅದಕ್ಕೆ ಏನು ಹೆಸರು, ಹೇಳಿ."

ನನ್ನ ಗ್ರಹಚಾರ ನೋಡಿ. ಆ ತಮಿಳು ಮಾತು ನಾಲಗೆಯ ತುದಿಗೆ ಬಂದು ನಿಂತುಬಿಟ್ಟಿತು, ಇಳಿಯಲಿಲ್ಲ. ನಮ್ಮ ಪಕ್ಕದ ಮನೆಯವಳು ದಿನಾ ಕೂಗುವ ಮಾತು! ವಯಸ್ಸಾದಂತೆ ಹೆಸರುಗಳು ನಮ್ಮನ್ನು ಬಿಟ್ಟು ಹೋಗುತ್ತವೆ. ಮೊದಲು ಜನರವು, ಆಮೇಲೆ ಊರಿನವು, ಕೊನೆಗೆ ಪಾತ್ರೆಯವು. ಕೈಯನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದೆ. "ಹೀಗೆ ಸುತ್ತುತ್ತೆ. ಆಮೇಲೆ ಎತ್ತಿ ಮುಚ್ಚಿಡ್ತೀವಿ. ರಾತ್ರಿಯೆಲ್ಲ ತನಗೆ ತಾನೇ ಉಬ್ಬುತ್ತೆ. ನಿಮ್ಮೂರ ಸೆಕೆಗೆ ಕೇಳಬೇಕೇ, ಬೆಳಿಗ್ಗೆ ಹೊತ್ತಿಗೆ ಮುಚ್ಚಳ ಹಾರಿಹೋಗುತ್ತೆ!"

"ಯಾರಿಗೋಸ್ಕರ ಇದು?" ಹಂಸ ಕುರ್ಚಿಯ ತುದಿಗೆ ಸರಿದ.

"ಮೀಟಿಂಗಿಗೆ ಬಂದ ದೊಡ್ಡವರಿಗೆ."

ಕ್ಯಾಪ್ಟನ್ ಮುಖದ ಬೆವರೊರೆಸಿಕೊಂಡು ವಿಷಯ ಬದಲಿಸಿದ. ಈ ಪ್ರದೇಶದ ಬಗ್ಗೆ ನನಗೆ ಏನೇನು ಗೊತ್ತು ಎಂದು ನೇರವಾಗಿ ಇಂಗ್ಲಿಷಿನಲ್ಲೇ ಕೇಳಿದ. ಇದಕ್ಕಾದರೂ ಸರಿಯಾಗಿ ಉತ್ತರಿಸೋಣ ಎಂದು ನೆಟ್ಟಗೆ ಕೂತು, ಕ್ಲಾಸಿನಲ್ಲಿ ಒಪ್ಪಿಸುವ ಹಾಗೆ, "ದಿಸ್ ಈಸ್ ದ ಪರ್ಷಿಯನ್ ಗಲ್ಫ್" ಎಂದು ಶುರುಮಾಡಿದೆ.

ಅದುವರೆಗೆ ಒಂದು ವಿಷಯದಲ್ಲೂ ಒಮ್ಮತವಿರದ ಮೂವರೂ ಒಟ್ಟಿಗೆ, ಒಂದೇ ಸ್ವರದಲ್ಲಿ, "ಅರೇಬಿಯನ್ ಗಲ್ಫ್!" ಎಂದರು.

"ನಮ್ಮ ಸಿಸ್ಟರ್ ಅಗಾಥಾ ಅವರ ಮ್ಯಾಪಿನಲ್ಲಿ..."

"ಯಾರು ಈ ಅಗಾಥಾ? ಅವರ ವಿಳಾಸ?"

"ಶಿ ಈಸ್ ವಿತ್ ಗಾಡ್," ಎಂದೆ. ಕಣ್ಣು ತುಂಬಿ ಬಂತು. ಅವರು ನಕ್ಷೆಯ ಆ ನೀಲಿ ನಾಲಗೆಯ ಮೇಲೆ ಬೆತ್ತ ಇಟ್ಟು ಹೆಸರು ಹೇಳಿಸುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಪಾಪ, ಆ ಹೆಸರಿಗೆ ಇರಾನಿಗಳಿಗೂ ಅರಬರಿಗೂ ಇಷ್ಟು ಜಗಳವಿದೆಯೆಂದು ಅವರಿಗೂ ಗೊತ್ತಿರಲಿಲ್ಲ. "ಕ್ಷಮಿಸಿ. ನಮ್ಮೂರೂ ಹಾಗೇ. ಇಂಗ್ಲಿಷರಿಗೆ ಕೋಯಂಬತ್ತೂರು, ತಮಿಳರಿಗೆ ಕೋವೈ, ನಮ್ಮ ಮನೆಯಲ್ಲಿ ಕೊಯಮತ್ತೂರು. ಆದರೆ ನೀರು ಬರುವುದು ಎಲ್ಲರಿಗೂ ಅದೇ ನಲ್ಲಿಯಲ್ಲಿ."

ಇದನ್ನು ಯಾರೂ ಬರೆದುಕೊಳ್ಳಲಿಲ್ಲ. ಬಾಗಿಲು ತೆರೆದು ಶಾರದಾ, ರಂಗಸಾಮಿ ಇಬ್ಬರನ್ನೂ ಒಳಗೆ ಕರೆತಂದರು. ಅವಳು "ಅತ್ತೆ!" ಎಂದು ಓಡಿಬಂದು ತಬ್ಬಿಕೊಂಡಳು. ರಂಗಸಾಮಿ ಗೋಡೆಗೆ ಅಂಟಿಕೊಂಡ.

"ಗುಂಡಿನ ವಿಷಯ ನಿನಗೆ ಗೊತ್ತೇ?" ಎಂದು ಹಂಸ ಅವನನ್ನು ಕೇಳಿದ.

"ಗುಂಡಾ? ಯಾವ ಗುಂಡು? ನಂಗೇನೂ ಗೊತ್ತಿಲ್ಲ!" ಎಂದ ನಮ್ಮ ಅಳಿಯ.

ಉಸಿರೆತ್ತಬೇಡಿ ಎಂದವಳು ನಾನೇ. ಅವನು ಮಾತು ಉಳಿಸಿಕೊಂಡಿದ್ದ.

ಶಾರದಾ ತಿರುಗಿ ಅವನನ್ನು ನೋಡಿದಳು. "ಏನ್ರೀ ಇದು? ಈ ವಯಸ್ಸಲ್ಲಿ ನಮ್ಮತ್ತೆ ಕಂಬಿ ಎಣಿಸ್ಬೇಕಾ?"

"ಒಡೆದಿದ್ದು ನಾನೇ ಅಂದ್ರೆ ಕೆಲ್ಸ ಹೋಯ್ತದೆ ಶಾರದಾ. ನೀನು ನಾಳೇನೇ ಪ್ಲೇನ್ ಹತ್ಬೇಕು. ಆಮೇಲೆ ಯಾವತ್ತು ನೋಡೋದು ನಿನ್ನ?"

"ಹೋದ್ರೆ ಹೋಗ್ತೀನಿ. ನಿಜ ಹೇಳಿ."

ರಂಗಸಾಮಿ ಕಣ್ಣೊರೆಸಿಕೊಂಡು, ಹಂಸನಿಗೆ ಚೆನ್ನಾಗಿ ಅರ್ಥವಾಗಲೆಂದು ಅಡುಗೆಮನೆಯಲ್ಲಿ ಕಲಿತ ಮಲಯಾಳದಲ್ಲೇ ತಪ್ಪೊಪ್ಪಿಕೊಂಡ: "ಗೆಸ್ಟ್ ಹೌಸಿನ ಗುಂಡ್ ಪೊಟ್ಟಿಪ್ಪೋಯಿ."

ಒಡೆದುಹೋಯಿತು ಎಂದೇ ಅವನು ಹೇಳಿದ್ದು. ಆದರೆ ಮಲಯಾಳದಲ್ಲಿ ಮಡಕೆ ಒಡೆದರೂ ಪೊಟ್ಟಿತು, ಬಾಂಬು ಸಿಡಿದರೂ ಪೊಟ್ಟಿತು.

"ಎಂಡೆ ಪಡಚ್ಚೋನೇ!" ಹಂಸ ಸೃಷ್ಟಿಕರ್ತನನ್ನು ಕೂಗಿ ಎದ್ದು ನಿಂತ. "ಒಂದು ಆಗಲೇ ಸಿಡಿದಿದೆಯಂತೆ!"

ಗೆಸ್ಟ್ ಹೌಸಿನ ಅಡುಗೆಮನೆ

ಸಿಡಿದ ಜಾಗ ತೋರಿಸು ಎಂದು ರಂಗಸಾಮಿಯನ್ನು ಮುಂದಿಟ್ಟುಕೊಂಡು ಎಲ್ಲರೂ ಹೊರಟೆವು. ಚೀಲ ನನ್ನ ಮಡಿಲಲ್ಲೇ ಬಂತು. ಬೇರೆ ಯಾರ ಮಡಿಲೂ ಮುಂದೆ ಬರಲಿಲ್ಲ.

ರಂಗಸಾಮಿ ಅಕ್ಕಿ ಮೂಟೆಗಳ ಹಿಂದೆ ಕೈಹಾಕಿ ಎರಡು ಹೋಳಾದ ಹಳೆಯ ಗುಂಡನ್ನು ಹೊರಗೆಳೆದ. ಗೆಸ್ಟ್ ಹೌಸಿನ ಮ್ಯಾನೇಜರ್ ಅಲ್ಲೇ ನಿಂತು ನೋಡುತ್ತಿದ್ದ. ಮುಚ್ಚಿಟ್ಟದ್ದೆಲ್ಲ ಬಯಲಾಯಿತು. ಸಣಕಲ ಹೋಳುಗಳನ್ನು ಮೂಸಿದ. "ಉದ್ದು," ಎಂದು ನಾನು ಹೇಳಿದೆ. ಅವನಿಗೆ ತಿಳಿಯಲಿಲ್ಲ.

ಹೊಸ ಗುಂಡನ್ನು ನಾನೇ ಬಿಚ್ಚಿದೆ. ಬಾಡಿದ ಮಲ್ಲಿಗೆ ಉದುರಿತು. ಕಲ್ಲು ಎಂದು ಕಂಡರೂ ಅವರಿಗೆ ಧೈರ್ಯವಿಲ್ಲ, ಒಳಗೆ ಏನಾದರೂ ತುಂಬಿದ್ದರೆ? ತಿರುಗಿಸಿ ತೋರಿಸಿ ಎಂದರು. ಸ್ಟೋರಿನಿಂದ ಹಾಸಿಗೆಗಳನ್ನು ತರಿಸಿ ಅಡ್ಡ ನಿಲ್ಲಿಸಿ, ಹಿಂದೆ ಮೂರು ದೇಶಗಳೂ ಕುಳಿತವು. ಈ ಒಂದು ವಿಷಯದಲ್ಲಿ ಯಾರು ಮೊದಲು ಎಂಬ ಚರ್ಚೆ ಆಗಲಿಲ್ಲ. ರಂಗಸಾಮಿ ಗುಂಡನ್ನು ಗ್ರೈಂಡರಿಗೆ ಕೂರಿಸಿದ. ನೆನೆಸಿಟ್ಟಿದ್ದ ಉದ್ದನ್ನು ಶಾರದಾ ಹಾಕಿದಳು. ನಾನು ಸ್ವಿಚ್ ಒತ್ತಿದೆ.

ಗಡಗಡಗಡ!

ಹಾಸಿಗೆಗಳು ಒಂದರ ಮೇಲೊಂದು ಬಿದ್ದವು. ಆಮೇಲೆ ಬರೀ ನಮ್ಮೂರಿನ ಬೆಳಗಿನ ಸದ್ದು. ಆರ್.ಎಸ್. ಪುರಂನಲ್ಲಿ ಮನೆಮನೆಯಿಂದ ಕೇಳುವ, ಕೇಳಿ ಕೇಳಿ ಕೇಳಿಸದೇ ಹೋಗುವ ಸದ್ದು. ಅದನ್ನು ಕೇಳಿಸಿಕೊಳ್ಳಲು ನಾನು ಸಮುದ್ರ ದಾಟಿ ಬರಬೇಕಾಯಿತು. ಉದ್ದು ಬೆಳ್ಳಗೆ, ಹಗುರವಾಗಿ ಮೇಲೇರತೊಡಗಿತು. ಹಾಸಿಗೆಯ ಮೇಲಿಂದ ಮೊದಲು ಒಂದು ತಲೆ ಎದ್ದಿತು. ಹಂಸನದು.

"ಕುಳವಿ!" ಎಂದು ಕಿರುಚಿದ. "ಅಮ್ಮಾ, ಇದು ಕುಳವಿ! ನನ್ನ ಉಮ್ಮನ ಮನೆಯಲ್ಲೂ ಇದೆ!"

"ಅದೇ! ಆ ಮಾತೇ ಕಣಪ್ಪಾ!" ಸಿಕ್ಕಿತಲ್ಲಾ ಎಂಬ ಸಂತೋಷಕ್ಕೆ ಅವನನ್ನು ತಬ್ಬಿಕೊಂಡುಬಿಟ್ಟೆ.

"ಆ ಒಂದು ಮಾತು ಮೊದಲೇ ಹೇಳಬಾರದಿತ್ತೇ ಅಮ್ಮಾ? ಮಧ್ಯಾಹ್ನದಿಂದ ನನ್ನ ಅರ್ಧ ಆಯುಸ್ಸು ಹೋಯಿತು!"

"ನಂದು ಪೂರ್ತಿ ಹೋಗಿದೆ, ನೀನೇ ಮೇಲು."

ನಗು ಅಷ್ಟಕ್ಕೇ ನಿಂತಿತು. ಕ್ಯಾಪ್ಟನ್ನನ ಮುಖ ಕಪ್ಪಿಟ್ಟಿತ್ತು. ಮೂರು ರಾಜಧಾನಿಗಳಿಗೂ ಆಗಲೇ ತಂತಿ ಹೋಗಿತ್ತು: ಮೊದಲ ಜಂಟಿ ಕಾರ್ಯಾಚರಣೆ ಯಶಸ್ವಿ, ಗುಂಡು ವಶ. ಈಗ ಅದು ದೋಸೆ ಹಿಟ್ಟು ರುಬ್ಬುವ ಕಲ್ಲು ಎಂದು ಹೇಳುವವರು ಯಾರು? ಸಣಕಲ ಒಂದು ದಾರಿ ಹೇಳಿದ. ನಮ್ಮ ಮೂವರನ್ನೂ ಮಾರನೆಯ ದಿನದ ವಿಮಾನಕ್ಕೆ ಹತ್ತಿಸುವುದು, ‘ಶಂಕಿತರನ್ನು ಹೊರಹಾಕಲಾಗಿದೆ’ ಎಂದು ಇನ್ನೊಂದು ತಂತಿ ಕೊಡುವುದು. ದಪ್ಪನೆಯವನು ತಲೆಯಾಡಿಸಿದ. ಬೆಳಿಗ್ಗೆ ಹಿರಿಯ ಸಾಹೇಬರನ್ನು ಕೇಳಿ ತೀರ್ಮಾನಿಸುವುದೆಂದಾಯಿತು.

ರಂಗಸಾಮಿ ಅಕ್ಕಿಯನ್ನೂ ರುಬ್ಬಿ, ಹಿಟ್ಟು ಕಲಸಿ, ಮುಚ್ಚಿಟ್ಟ. ಕೆಲಸ ಹೋಗುವುದು ಖಚಿತವಾದವನು ಅಷ್ಟು ಶ್ರದ್ಧೆಯಿಂದ ಹಿಟ್ಟು ಕಲಸುವುದನ್ನು ನಾನು ನೋಡಿರಲಿಲ್ಲ. "ಉಪ್ಪು ಸರಿಯಾಗೈತಾ ನೋಡಿ ಅತ್ತೆ," ಎಂದ. ನೋಡಿದೆ. ಸರಿಯಾಗಿತ್ತು.

ಮಾರನೆಯ ಬೆಳಿಗ್ಗೆ

ಹಿಟ್ಟು ಉಬ್ಬಿ ಮುಚ್ಚಳವನ್ನು ನೆಲಕ್ಕೆ ತಳ್ಳಿತ್ತು. ನಾನು ಪೊಲೀಸರಿಗೆ ಮೊದಲೇ ಹೇಳಿದ್ದೆ.

ಹಿರಿಯ ಸಾಹೇಬರು ಬಿಳಿ ಗಡ್ಡದ, ಸಣ್ಣ ಕಣ್ಣಿನ ಮುದುಕರು. ಸುತ್ತ ಆ ಮೂವರು ಅಪರಾಧಿಗಳಂತೆ ನಿಂತಿದ್ದರು. ಮೊದಲ ದೋಸೆ ಬಂತು. ಬಂಗಾರದ ಬಣ್ಣ, ಅಂಚು ಗರಿಗರಿ. ಸಾಹೇಬರು ಅದನ್ನು ನೋಡಿ, ಚಟ್ನಿಯನ್ನು ಪಕ್ಕಕ್ಕೆ ತಳ್ಳಿ, ಜೇನಿನ ಬಟ್ಟಲು ತರಿಸಿ ಮೇಲೆ ಧಾರಾಳವಾಗಿ ಸುರಿದರು. ಶಾರದಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅಯ್ಯೋ ಅತ್ತೆ, ಜೇನು!"

"ಸುಮ್ಮನಿರು," ಎಂದೆ. "ಇದನ್ನೇ ಡಿಪ್ಲೊಮಸಿ ಅನ್ನೋದು."

ಸಾಹೇಬರು ಅದನ್ನು ಪೂರ್ತಿ ತಿಂದರು. ಇನ್ನೊಂದು ತರಿಸಿದರು. ಅದಕ್ಕೂ ಜೇನು. ಆಮೇಲೆ ನನ್ನನ್ನು ಕರೆದು ಬೊಂಬಾಯಿ ಹಿಂದಿಯಲ್ಲಿ ಏನೋ ಉದ್ದವಾಗಿ ಹೇಳಿದರು. ಕೊಯಮತ್ತೂರಿನವಳಿಗೆ ಹಿಂದಿ ಎಲ್ಲಿಂದ ಬರಬೇಕು? "ಥ್ಯಾಂಕ್ ಯೂ, ಸರ್," ಎಂದೆ. ಹಂಸ ಬಿಡಿಸಿ ಹೇಳಿದ: ಚಿಕ್ಕವರಿದ್ದಾಗ ಅಪ್ಪನ ಜೊತೆ ಮುತ್ತಿನ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ, ಮನೆಯ ನೆನಪಾಗಿ ಅತ್ತಾಗ, ಪಕ್ಕದ ಮನೆಯ ಮದ್ರಾಸಿ ತಾಯಿಯೊಬ್ಬಳು ಕರೆದು ದೋಸೆ ಕೊಟ್ಟಿದ್ದಳಂತೆ. ಮಕ್ಕಳೆಂದು ಜೇನು ಸವರಿ.

ಕ್ಯಾಪ್ಟನ್ ತಂತಿಯ ವಿಷಯ ಅರುಹಿದ. ಸಣಕಲ ತನ್ನ ದಾರಿಯನ್ನೂ ಹೇಳಿದ. ಸಾಹೇಬರು ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಗಡ್ಡ ಅಲ್ಲಾಡತೊಡಗಿತು, ಆಮೇಲೆ ಮೇಜು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ರಂಗಸಾಮಿಯ ಕಡೆ ಬೆರಳು ತೋರಿಸಿ, ಆ ಮೂವರಿಗೆ ನಿಧಾನವಾಗಿ ಏನೋ ಹೇಳಿದರು. ಹಂಸ ನಮ್ಮ ಕಿವಿಯಲ್ಲಿ ಅನುವಾದಿಸುತ್ತಾ ಹೋದ.

"ಇವರನ್ನು ಹೊರಹಾಕಿದರೆ ಬೊಂಬಾಯಿಯ ಪೇಪರಿನವರು ಕೇಳುತ್ತಾರೆ, ಗುಂಡು ಎಂಥದ್ದು ಎಂದು. ಆಗ ನಗುವವರು ಯಾರು? ಆಚೆ ದಡದವರು. ಅದು ಬೇಡ. ಗುಂಡು ಸಿಕ್ಕಿತು ಎಂದಿರಿ, ಅದು ನಿಜ. ಮೂರು ದೇಶಗಳ ಜಂಟಿ ಕಾವಲಿನಲ್ಲಿ ಗೆಸ್ಟ್ ಹೌಸಿನಲ್ಲೇ ಇಡಲಾಗಿದೆ ಎನ್ನಿ, ಅದೂ ನಿಜ. ಅದನ್ನು ಅಪಾಯವಿಲ್ಲದೆ ನಿಭಾಯಿಸಬಲ್ಲ ತಜ್ಞನೊಬ್ಬನನ್ನು ಖಾಯಂ ಆಗಿ ನೇಮಿಸಲಾಗಿದೆ ಎನ್ನಿ. ಸುಳ್ಳೆಲ್ಲಿದೆ?"

ಮ್ಯಾನೇಜರ್ ಮೆಲ್ಲನೆ ಕೇಳಿದ: "ಈ ತಜ್ಞನನ್ನು ಮುಂದೆ ನಾನು ತೆಗೆಯಬೇಕಾದರೆ?"

"ಜಂಟಿ ವಿಷಯ," ಎಂದರು ಸಾಹೇಬರು ಕೈತೊಳೆಯುತ್ತಾ. "ಮೂರು ದೇಶಗಳೂ ಒಪ್ಪಬೇಕು."

ಆ ಮೂವರು ಅಧಿಕಾರಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಇದಕ್ಕಿಂತ ಪರ್ಮನೆಂಟ್ ಆದ ಕೆಲಸ ನಾನು ಎಲ್ಲೂ ಕೇಳಿಲ್ಲ. ರಂಗಸಾಮಿ ದೋಸೆ ಮಗುಚುವ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಶಾರದಾ ಅವನ ಪಕ್ಕಕ್ಕೆ ಹೋಗಿ, "ಸೀಯ್ತಾ ಐತೆ, ತೆಗೀರಿ" ಎಂದಳು. ಎಲ್ಲರೆದುರಿಗೂ ಅಳುತ್ತಾ, ನಗುತ್ತಾ.

ಮರಳುವ ದಿನ

ಆಮೇಲೆ ನಾನು ಆ ಊರಿನಲ್ಲಿ ತಿಂಗಳು ಇದ್ದೆ. ಅಡುಗೆಮನೆಯಲ್ಲಿ ಗ್ರೈಂಡರಿನ ಪಕ್ಕ ಒಂದು ಕುರ್ಚಿ ಬಂತು, ಅದರಲ್ಲಿ ಬಂದೂಕು ಹಿಡಿದ ಕಾವಲುಗಾರ. ಮೂರು ದೇಶಗಳಿಂದ ಸರದಿಯ ಮೇಲೆ ಬರುತ್ತಾರೆ. ಮೊದಲ ವಾರ ಗುಂಡನ್ನು ಕಾದವನು ಎರಡನೆಯ ವಾರ ಹಿಟ್ಟು ಕಾಯುತ್ತಿದ್ದ. ಸಂಜೆ ಸಮುದ್ರದ ದಡದಲ್ಲಿ ಶಾರದಾ ಮತ್ತು ರಂಗಸಾಮಿ ಮುಂದೆ ನಡೆಯುತ್ತಿದ್ದರು, ನಾನು ಬೇಕೆಂದೇ ಹಿಂದುಳಿಯುತ್ತಿದ್ದೆ. ಆ ನೀರಿನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಹೊರಡುವ ದಿನ ಕ್ಯಾಪ್ಟನ್ ಕೂಡ ವಿಮಾನ ನಿಲ್ದಾಣಕ್ಕೆ ಬಂದ. ಫ್ಯಾಮಿಲಿ ವೀಸಾದ ಮುದ್ರೆ ಬಿದ್ದ ಪಾಸ್‌ಪೋರ್ಟನ್ನು ಶಾರದಾ ನನಗೆ ಮತ್ತೆ ಮತ್ತೆ ತೋರಿಸಿದಳು.

"ದೀಪಾವಳಿಗೆ ಇಬ್ಬರೂ ಬನ್ನಿ ಕಣ್ಣು," ಎಂದೆ.

ರಂಗಸಾಮಿ ಕಾಲ ಬುಡ ನೋಡಿದ. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ಸಾರಿ, ಮೇಡಂ. ಇವರ ರಜೆಯೂ ಜಂಟಿ ವಿಷಯವೇ. ಎರಡು ದೇಶ ಒಪ್ಪಿವೆ. ಮೂರನೆಯದು ಪರಿಶೀಲಿಸುತ್ತಿದೆ."

"ನೀನಾದರೂ ಬಾ," ಎಂದೆ ಶಾರದಾಗೆ.

"ಅವ್ರನ್ನ ಬಿಟ್ಟು ನಾನೊಬ್ಬಳೇ ಎಲ್ಲಿ ಬರ್ಲಿ ಅತ್ತೆ? ಇನ್ಮೇಲೆ ಆ ಕೆಲ್ಸ ನನ್ ಕೈಲಾಗಲ್ಲ."

ಅಷ್ಟು ದೂರ ಕಲ್ಲು ಹೊತ್ತುಕೊಂಡು ಹೋದದ್ದು ಈ ಮಾತು ಕೇಳುವುದಕ್ಕೇ. ಕೇಳಿದ ಮೇಲೆ ಅಳಬಾರದು. ಆದರೂ ಅತ್ತುಬಿಟ್ಟೆ.

ಈಗ ದಿನಾ ಬೆಳಿಗ್ಗೆ ರೇಡಿಯೋ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇಡೀ ಆರ್.ಎಸ್. ಪುರಂನಲ್ಲಿ ಗಲ್ಫಿನ ಸುದ್ದಿಯನ್ನು ಇಷ್ಟು ಗಮನವಿಟ್ಟು ಕೇಳುವವಳು ನಾನೊಬ್ಬಳೇ ಇರಬೇಕು. ಆ ಮೂರು ದೇಶಗಳು ಎಲ್ಲ ವಿಷಯದಲ್ಲೂ ಕೈಜೋಡಿಸಿದವು ಎಂದರೆ ಎದೆ ಧಸಕ್ಕೆನ್ನುತ್ತದೆ, ಎಲ್ಲಿ ಹುಡುಗನ ಕೆಲಸ ತೆಗೆಯಲೂ ಒಪ್ಪಿಬಿಡುತ್ತಾರೋ ಎಂದು. ಮನಸ್ತಾಪ ಬಂತು ಎಂದರೆ ಮಂಕಾಗುತ್ತದೆ, ಇನ್ನು ಮಕ್ಕಳ ಮುಖ ನೋಡುವುದು ಯಾವಾಗಲೋ ಎಂದು. ಆದ್ದರಿಂದ ದೇವರ ಮುಂದೆ ನಿಂತಾಗ ಅಳತೆಯಿಟ್ಟೇ ಕೇಳುತ್ತೇನೆ: ಸ್ವಾಮಿ, ಆ ಕಡೆಯವರಿಗೆ ಒಗ್ಗಟ್ಟು ಕೊಡು, ತುಂಬಾ ಬೇಡ. ಒಂದು ಹದಿನೈದು ದಿನದ ರಜೆಗೆ ಸಾಕಾಗುವಷ್ಟು.